ದಾನವೋ ಋಣವೋ?

ಹಸಿದು ಬಂದವನಿಗೆ ಅನ್ನವಿಡುವುದು ಧರ್ಮವೆಂಬ ವಿಷಯದಲ್ಲಿ ಯಾವ ದೇಶದವರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಆದರೆ ಅನ್ನವಿಡದವನನ್ನು ರಾಜ್ಯವು ದಂಡಿಸಬಹುದೆ? ದಂಡಕ್ಕೆ ಹೆದರಿ ಇಟ್ಟ ಅನ್ನವು ದಾನವೆನಿಸುವುದೆ? ದಾನವಲ್ಲವೆಂದಾದರೆ ಅದಕ್ಕೆ ಬೇರೆ ಯಾವ ಹೆಸರು ಒಪ್ಪುವುದು? ಇವು ಕೇವಲ ವಾದಕ್ಕಾಗಿ ಹುಟ್ಟಿಸಿದ ಪ್ರಶ್ನೆಗಳಲ್ಲ. ಒಂದು ಜನಾಂಗವು ಇವನ್ನು ತನ್ನ ದಿನನಿತ್ಯದ ಬಾಳಿನಲ್ಲಿಯೇ ಎದುರಿಸಿ, ಅರುವತ್ತು ಎಪ್ಪತ್ತು ವರ್ಷಗಳ ಕಾಲ ತಡಕಾಡಿ, ಕೊನೆಗೆ ಒಂದು ಶಾಸನದ ರೂಪದಲ್ಲಿ ತನ್ನ ಉತ್ತರವನ್ನು ಬರೆದಿಟ್ಟಿತು. ಆ ಶಾಸನವನ್ನು ಮಾಡಿದ ಕಾಲವೇ ಎಲಿಜಬೆತ್ ರಾಣಿಯ, ಎಂದರೆ 1558ರಿಂದ 1603ರವರೆಗಿನ, ಇಂಗ್ಲೆಂಡಿನ ಕಾಲ. ಆ ಉತ್ತರದಲ್ಲಿ ಎಷ್ಟು ಭಾಗ ಸರಿ, ದೋಷವಿದ್ದರೆ ಎಲ್ಲಿ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಎಲಿಜಬೆತ್ ಯುಗವೆಂದೊಡನೆ ವಾಚಕರ ಮನಸ್ಸಿಗೆ ಬರುವುದು ಷೇಕ್ಸ್‌ಪಿಯರನ ನಾಟಕಗಳು, ಡ್ರೇಕನ ಸಮುದ್ರಯಾನ, 1588ರಲ್ಲಿ ಸ್ಪೇನಿನ ನೌಕಾಸೈನ್ಯಕ್ಕೆ ಒದಗಿದ ಪರಾಭವ. ಸಾಮಾನ್ಯ ಗೃಹಸ್ಥರ ಮನೆಯೊಳಗೂ ಆಗ ಒಂದು ಬಗೆಯ ಹೊಸ ಸೌಖ್ಯ ಕಾಲಿಡುತ್ತಿದ್ದಿತು. ಎಸೆಕ್ಸ್ ಪ್ರಾಂತದ ರ‍್ಯಾಡ್‌ವಿಂಟರ್ ಎಂಬ ಹಳ್ಳಿಯ ಪಾದ್ರಿಯಾಗಿದ್ದ ವಿಲಿಯಂ ಹ್ಯಾರಿಸನ್ ಎಂಬಾತನು 1577ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ತನ್ನೂರಿನ ಮುದುಕರು ತಮ್ಮ ಜೀವಮಾನದಲ್ಲಿಯೇ ಮೂರು ವಸ್ತುಗಳು ಬೆರಗಾಗುವಷ್ಟು ಬದಲಾದುವೆಂದು ಹೇಳುತ್ತಿದ್ದುದನ್ನು ದಾಖಲೆ ಮಾಡಿದ್ದಾನೆ. ಮೊದಲನೆಯದು, ಮನೆಮನೆಗೂ ಎದ್ದ ಹೊಗೆಗೂಡು. ಎರಡನೆಯದು, ಹಾಸಿಗೆ ದಿಂಬು. ಮೂರನೆಯದು, ಊಟದ ಪಾತ್ರೆ. ಹಿಂದೆ ಹುಲ್ಲಿನ ಚಾಪೆಯ ಮೇಲೆ ಮಲಗಿ ಮರದ ತುಂಡನ್ನು ತಲೆಗಿಟ್ಟುಕೊಳ್ಳುತ್ತಿದ್ದವರಿಗೆ ಈಗ ಮೆತ್ತೆಯೂ ದಿಂಬೂ ದೊರೆತುವು. ಮರದ ತಟ್ಟೆಯಿದ್ದಲ್ಲಿ ತವರ ಬೆರೆತ ಲೋಹದ ತಟ್ಟೆಗಳು ಬಂದುವು.

ಆದರೆ ಅದೇ ಗ್ರಂಥದಲ್ಲಿ ಮತ್ತೊಂದು ಮಾತೂ ಇದೆ. ಉಳ್ಳವರು ಗೋದಿಯ ರೊಟ್ಟಿಯನ್ನು ತಿನ್ನುತ್ತಿದ್ದರೆ, ಬಡವರು ರೈ ಮತ್ತು ಬಾರ್ಲಿಯ ರೊಟ್ಟಿಯಿಂದ ತೃಪ್ತರಾಗಬೇಕಿತ್ತು. ಧಾನ್ಯದ ಬೆಲೆ ಏರಿದ ವರ್ಷಗಳಲ್ಲಿ ಬಟಾಣಿ, ಓಟ್ಸ್ ಮುಂತಾದ ದನಕುದುರೆಗಳ ಮೇವನ್ನೂ, ಕೆಲವೊಮ್ಮೆ ಓಕ್ ಮರದ ಕಾಯನ್ನೂ ಬೆರೆಸಿ ರೊಟ್ಟಿ ತಟ್ಟುತ್ತಿದ್ದರು. ಹೀಗೆ ಒಂದೇ ಹಳ್ಳಿಯಲ್ಲಿ ಒಂದು ಮನೆಗೆ ಹೊಗೆಗೂಡು ಬಂದ ಕಾಲದಲ್ಲಿಯೇ ಮತ್ತೊಂದು ಮನೆಯ ಒಲೆಯಲ್ಲಿ ಬೇಯಿಸಲು ಏನೂ ಇಲ್ಲದಂತಾಗಿದ್ದಿತು.

ಇದಕ್ಕೆ ಕಾರಣಗಳು ಹಲವು. ರಾಣಿಯು ಪಟ್ಟಕ್ಕೆ ಬಂದಾಗ ಸುಮಾರು ಮೂವತ್ತು ಲಕ್ಷವಿದ್ದ ಜನಸಂಖ್ಯೆ ಶತಮಾನದ ಕೊನೆಗೆ ನಾಲ್ವತ್ತು ಲಕ್ಷವನ್ನು ಮುಟ್ಟಿತು. ಕುರಿಯ ಉಣ್ಣೆ ಲಾಭದಾಯಕವೆಂದು ಕಂಡ ಭೂಮಾಲಿಕರು ಅನೇಕ ಕಡೆಗಳಲ್ಲಿ ಹೊಲಗಳಿಗೂ ಊರೊಟ್ಟಿನ ಹುಲ್ಲುಗಾವಲಿಗೂ ಬೇಲಿ ಹಾಕಿದರು. 1536ರಿಂದ 1540ರೊಳಗೆ ಎಂಟನೆಯ ಹೆನ್ರಿಯು ಕ್ರೈಸ್ತ ಮಠಗಳನ್ನು ಮುಚ್ಚಿಸಿದುದರಿಂದ ಅವುಗಳ ಬಾಗಿಲಲ್ಲಿ ದೊರೆಯುತ್ತಿದ್ದ ಭಿಕ್ಷೆಯೂ ನಿಂತುಹೋಯಿತು. ಧಾನ್ಯದ ಬೆಲೆ ಏರಿದ ವೇಗದಲ್ಲಿ ಕೂಲಿ ಏರಲಿಲ್ಲ. ಶತಮಾನದ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರನಿಗೆ ದೊರೆಯುತ್ತಿದ್ದ ದಿನಕ್ಕೆ ಸುಮಾರು 8 ಪೆನ್ಸ್, ಅವನ ಮುತ್ತಾತನ ಕೂಲಿ ಕೊಳ್ಳುತ್ತಿದ್ದುದರ ಸುಮಾರು ಅರ್ಧದಷ್ಟು ಆಹಾರವನ್ನು ಮಾತ್ರ ಕೊಳ್ಳುತ್ತಿದ್ದಿತು.

ಮೊದಲು ರಾಜ್ಯವು ಗೃಹಸ್ಥರ ಕರುಣೆಯನ್ನೇ ನಂಬಿತು. 1536ರ ಶಾಸನವು ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಚರ್ಚಿಗೆ ಸೇರಿದ ಊರು ಅಥವಾ ಕೇರಿ, ತನ್ನ ಬಡವರಿಗಾಗಿ ಇಚ್ಛಾಪೂರ್ವಕವಾದ ಕಾಣಿಕೆಯನ್ನು ಪೆಟ್ಟಿಗೆಯಲ್ಲಿ ಕೂಡಿಸಬೇಕೆಂದಿತು. 1552ರಲ್ಲಿ ಕಾಣಿಕೆ ಕೂಡಿಸುವವರನ್ನು ನೇಮಿಸಿ, ಗೃಹಸ್ಥರನ್ನು ಅವರು ಮೃದುವಾಗಿ ಕೇಳಬೇಕೆಂದೂ, ಒಪ್ಪದವನಿಗೆ ಪಾದ್ರಿಯು ಬುದ್ಧಿ ಹೇಳಬೇಕೆಂದೂ, ಅದಕ್ಕೂ ಬಗ್ಗದಿದ್ದರೆ ಬಿಷಪ್ಪನೇ ಕರೆಸಿ ಉಪದೇಶಿಸಬೇಕೆಂದೂ ವಿಧಿಸಿದರು. 1563ರಲ್ಲಿ ಎಲಿಜಬೆತ್ತಳ ಪಾರ್ಲಿಮೆಂಟು ಇನ್ನೊಂದು ಹೆಜ್ಜೆ ಇಟ್ಟಿತು: ಬಿಷಪ್ಪನ ಉಪದೇಶಕ್ಕೂ ಕರಗದವನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಬೇಕು, ಅವರು ಗೊತ್ತುಮಾಡಿದ ಮೊತ್ತವನ್ನು ಕೊಡದಿದ್ದರೆ ಸೆರೆಮನೆಗೆ ಹೋಗಬೇಕು. 1572ರಲ್ಲಿ ಕೇಳುವ ಉಪಚಾರವೂ ಮುಗಿಯಿತು. ಪ್ರತಿ ಗೃಹಸ್ಥನ ಮೇಲೂ ವಾರಕ್ಕಿಷ್ಟೆಂದು ಬಡವರ ತೆರಿಗೆಯನ್ನು ಕಟ್ಟಲಾಯಿತು. ಪೆಟ್ಟಿಗೆ, ಬೇಡಿಕೆ, ಉಪದೇಶ, ಸೆರೆಮನೆ, ತೆರಿಗೆ. ಮೂವತ್ತಾರು ವರ್ಷಗಳಲ್ಲಿ ಇಳಿದುಬಂದ ಮೆಟ್ಟಲುಗಳು ಇವು. ಕರುಣೆಯೊಂದೇ ಸಾಲದೆಂಬುದನ್ನು ಒಪ್ಪಿಕೊಳ್ಳಲು ಧರ್ಮಭೀರುಗಳಾದ ಜನರಿಗೂ ಅಷ್ಟು ಕಾಲ ಬೇಕಾಯಿತು.

ಇಲ್ಲಿ ಧರ್ಮಶಾಸ್ತ್ರವನ್ನು ಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ದಾನದ ಜೀವವೇ ಶ್ರದ್ಧೆ. ಕೊಡುವವನ ಮನಸ್ಸು ಅರಳಿ ಕೊಟ್ಟರೆ ಮಾತ್ರ ಅದು ದಾನ. ಬಲಾತ್ಕಾರದಿಂದ ಕಿತ್ತುಕೊಂಡದ್ದರಲ್ಲಿ ಕೊಟ್ಟವನಿಗೆ ಪುಣ್ಯವೂ ಇಲ್ಲ, ಪಡೆದವನಿಗೆ ಕೃತಜ್ಞತೆಯೂ ಇಲ್ಲ. ಆದಕಾರಣ ಈ ಶಾಸನವು ಎರಡು ಸದ್ಗುಣಗಳನ್ನು ಒಮ್ಮೆಗೇ ಕೊಂದಿತು ಎಂದು. ಈ ಮಾತನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಸ್ವಂತ ಇಚ್ಛೆಯಿಂದ ಕೊಡುವವನ ಅಂತಃಕರಣದಲ್ಲಿ ಆಗುವ ಪರಿಪಾಕವು ತೆರಿಗೆ ತೆರುವವನಲ್ಲಿ ಆಗುವುದಿಲ್ಲವೆಂಬುದು ದಿಟ. ಆದರೆ ಈ ಆಕ್ಷೇಪವು ಕೊಡುವವನ ಆತ್ಮೋನ್ನತಿಯನ್ನು ಮಾತ್ರ ಅಳೆಯುತ್ತದೆ. ಹಸಿದವನ ಕಡೆಯಿಂದ ನೋಡಿದರೆ, ದಾತನ ಮನಸ್ಸು ಅರಳುವವರೆಗೆ ಅವನ ಹೊಟ್ಟೆ ಕಾಯುವಂತಿಲ್ಲ. ಒಬ್ಬನ ಪುಣ್ಯಸಂಪಾದನೆಗಾಗಿ ಇನ್ನೊಬ್ಬನ ಹಸಿವು ಉಳಿದಿರಬೇಕೆನ್ನುವುದು ಧರ್ಮದ ಮಾತಾಗಲಾರದು.

ಎರಡನೆಯ ಆಕ್ಷೇಪವು ಪಾತ್ರಾಪಾತ್ರದ್ದು. ಇದನ್ನು ಆ ಕಾಲದವರು ಇನ್ನೂ ಬಲವಾಗಿ ಹಿಡಿದಿದ್ದರು. ಕೆಂಟ್ ಪ್ರಾಂತದ ಗೃಹಸ್ಥನಾದ ತಾಮಸ್ ಹಾರ್ಮನ್ನನು ತನ್ನ ಬಾಗಿಲಿಗೆ ಬಂದ ಭಿಕ್ಷುಕರನ್ನು ವಿಚಾರಿಸಿ ವಿಚಾರಿಸಿ, ಅವರ ವೇಷಗಳನ್ನೂ ಮೋಸಗಳನ್ನೂ ಗುಪ್ತಭಾಷೆಯನ್ನೂ ವಿವರಿಸುವ ಒಂದು ಪುಸ್ತಕವನ್ನು 1560ರ ದಶಕದ ನಡುವಿನಲ್ಲಿ ಪ್ರಕಟಿಸಿದನು. ಅದರಲ್ಲಿ ನಿಕೊಲಸ್ ಜೆನ್ನಿಂಗ್ಸ್ ಎಂಬವನ ಕಥೆ ಪ್ರಸಿದ್ಧವಾದುದು. ಅವನು ಮುಖಕ್ಕೆ ರಕ್ತ ಬಳಿದುಕೊಂಡು, ಬಾಯಲ್ಲಿ ಸಾಬೂನಿನ ನೊರೆ ತರಿಸಿ, ಅಪಸ್ಮಾರದ ರೋಗಿಯಂತೆ ನಟಿಸುತ್ತ ಲಂಡನ್ನಿನಲ್ಲಿ ಭಿಕ್ಷೆ ಬೇಡುತ್ತಿದ್ದನು. ಹಿಡಿದು ಪರೀಕ್ಷಿಸಿದಾಗ ಅವನ ಬಳಿ 13 ಶಿಲಿಂಗಿಗೂ ಮಿಕ್ಕ ಹಣ ಸಿಕ್ಕಿತು. ಅದು ಕೂಲಿಯವನು ಎರಡು ಮೂರು ವಾರ ಬೆವರು ಸುರಿಸಿ ಗಳಿಸುವ ಮೊತ್ತ. ಇಂಥ ಕಥೆಯನ್ನು ಓದಿದ ಗೃಹಸ್ಥನು ಮರುದಿನ ತನ್ನ ಬಾಗಿಲಿಗೆ ಬಂದ ನಿಜವಾದ ರೋಗಿಯನ್ನೂ ಸಂಶಯದಿಂದ ನೋಡಿದ್ದರೆ ಆಶ್ಚರ್ಯವೇನು?

ಈ ಪುಸ್ತಕ ಹೊರಟ ನಾಲ್ಕೈದು ವರ್ಷಗಳೊಳಗೆ ನಾರ್ವಿಚ್ ನಗರದಲ್ಲಿ ಇನ್ನೊಂದು ರೀತಿಯ ಬರವಣಿಗೆ ನಡೆಯಿತು. ಅದು ಕಥೆಯಲ್ಲ, ಗಣತಿ. 1570ರಲ್ಲಿ ಆ ನಗರದ ಮುಖ್ಯಸ್ಥರು ಕೇರಿಕೇರಿಗೂ ಜನರನ್ನು ಕಳುಹಿಸಿ, ಬಡವರ ಹೆಸರು, ವಯಸ್ಸು, ಕಸಬು, ಮಕ್ಕಳು, ರೋಗ, ಇರುವ ಮನೆ, ದೊರೆಯುತ್ತಿರುವ ಭಿಕ್ಷೆ ಇವೆಲ್ಲವನ್ನೂ ಬರೆಸಿದರು. ಸುಮಾರು 2,300 ಮಂದಿಯ ವಿವರ ಸೇರಿತು. ಆ ನಗರದ ಇಂಗ್ಲಿಷ್ ನಿವಾಸಿಗಳಲ್ಲಿ ಇದು ಐದರಲ್ಲೊಂದು ಪಾಲಿಗೂ ಮೀರಿದ ಸಂಖ್ಯೆ. ಅವರಲ್ಲಿ ಹೆಚ್ಚಿನವರು ಅಲೆಮಾರಿಗಳಲ್ಲ, ಮನೆ ಹೂಡಿಕೊಂಡಿದ್ದವರು; ಹೆಂಗಸರಲ್ಲಿ ಬಹುಮಂದಿ ಉಣ್ಣೆ ನೂಲುವ ಕೆಲಸ ಮಾಡುತ್ತಿದ್ದವರು; ಎಪ್ಪತ್ತು ದಾಟಿದ ಮುದುಕಿಯರೂ ರಾಟೆಯನ್ನು ಬಿಟ್ಟಿರಲಿಲ್ಲ. ಬಹುಪಾಲು ಕುಟುಂಬಗಳ ಹೆಸರಿನ ಮುಂದೆ ಭಿಕ್ಷೆ ಇಲ್ಲವೆಂದೇ ಬರೆದಿದೆ. ದುಡಿಯುತ್ತಿದ್ದರೂ ಅವರು ಬಡವರು, ಬಡವರಾಗಿದ್ದರೂ ಬೇಡಿದವರಲ್ಲ.

ಹಾರ್ಮನ್ನನ ಪುಸ್ತಕವನ್ನೂ ನಾರ್ವಿಚ್ಚಿನ ಗಣತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೊಂದು ನೀತಿಪಾಠವಾಗುವುದು. ಮೋಸಗಾರನೊಬ್ಬನು ಬೀದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಬಿದ್ದು ಹೊರಳುತ್ತಾನೆ. ಅವನ ಕಥೆ ರಸವತ್ತಾಗಿರುತ್ತದೆ. ಬಾಯಿಂದ ಬಾಯಿಗೆ ಹರಡುತ್ತದೆ. ಮೂಲೆಯ ಕೋಣೆಯಲ್ಲಿ ನೂಲುತ್ತ ಕುಳಿತ ವಿಧವೆಗೆ ಕಥೆಯಿಲ್ಲ. ಯಾರಾದರೂ ಹೋಗಿ ಬಾಗಿಲು ತಟ್ಟಿ ಎಣಿಸಿದರೆ ಮಾತ್ರ ಅವಳು ಇರುವಳೆಂಬುದು ತಿಳಿಯುತ್ತದೆ. ಕಂಡ ಒಬ್ಬನಿಂದ ಕಾಣದ ಸಾವಿರ ಮಂದಿಯ ಸ್ವಭಾವವನ್ನು ಊಹಿಸುವುದು ತರ್ಕದಲ್ಲಿಯೂ ತಪ್ಪು, ಧರ್ಮದಲ್ಲಿಯೂ ತಪ್ಪು.

ಆದರೆ ಆ ಕಾಲದ ವಿಚಾರವಂತರ ವರ್ಗೀಕರಣದಲ್ಲಿಯೇ ಈ ದುಡಿಯುವ ಬಡವರಿಗೆ ಸ್ಥಳವಿರಲಿಲ್ಲ. ಮೇಲೆ ಹೇಳಿದ ಹ್ಯಾರಿಸನ್ನನು ಬಡವರನ್ನು ಮೂರು ವರ್ಗ ಮಾಡುತ್ತಾನೆ: ಅನಾಥಶಿಶು, ಮುದುಕ, ಕುರುಡ, ಕುಂಟ ಮುಂತಾದ ಅಶಕ್ತರು, ಗಾಯಗೊಂಡ ಯೋಧ, ಕೆಟ್ಟುಹೋದ ಗೃಹಸ್ಥ ಮುಂತಾದ ವಿಧಿವಶದಿಂದ ಬಡವರಾದವರು, ಸೋಮಾರಿ, ಅಲೆಮಾರಿ ಮೊದಲಾದ ದುಂದುಗಾರರು. ಮೈಯಲ್ಲಿ ಶಕ್ತಿಯಿದ್ದು, ಮನಸ್ಸಿನಲ್ಲಿ ಇಷ್ಟವಿದ್ದು, ಕೆಲಸವೇ ದೊರೆಯದವನು ಅಥವಾ ದೊರೆತ ಕೂಲಿ ಸಾಲದವನು ಈ ಮೂರರಲ್ಲಿ ಯಾವುದಕ್ಕೆ ಸೇರಬೇಕು? ಅವನನ್ನು ಮೂರನೆಯ ವರ್ಗಕ್ಕೆ ನೂಕುವುದು ಬಲು ಸುಲಭವಾಗಿದ್ದಿತು. ಆ ವರ್ಗಕ್ಕೆ ಕಾದಿದ್ದ ಶಿಕ್ಷೆಯೋ ಭಯಂಕರ. ತೆರಿಗೆಯನ್ನು ವಿಧಿಸಿದ ಅದೇ 1572ರ ಶಾಸನವು, ಹದಿನಾಲ್ಕು ವರ್ಷ ಮೀರಿದ ಅಲೆಮಾರಿಯನ್ನು ಚಾಟಿಯಿಂದ ಹೊಡೆದು, ಬಲಗಿವಿಯನ್ನು ಕಾದ ಕಬ್ಬಿಣದಿಂದ ಚುಚ್ಚಬೇಕೆಂದಿತು. ಮೂರನೆಯ ಸಾರಿ ಸಿಕ್ಕಿದರೆ ಮರಣದಂಡನೆ. ಕಿವಿ ಚುಚ್ಚುವುದನ್ನೂ ಕೊಲ್ಲುವುದನ್ನೂ 1593ರಲ್ಲಿ ನಿಲ್ಲಿಸಿದರೂ ಚಾಟಿ ಉಳಿಯಿತು. ಆಶ್ರಯದಾತನಾದ ದೊಡ್ಡ ಮನುಷ್ಯನಿಲ್ಲದೆ ಊರೂರು ತಿರುಗುವ ನಾಟಕದವರನ್ನೂ 1572ರ ಶಾಸನವು ಅಲೆಮಾರಿಗಳ ಪಟ್ಟಿಯಲ್ಲಿಯೇ ಸೇರಿಸಿದ್ದಿತು. ಆ ಯುಗದ ಕೀರ್ತಿಗೆ ಕಾರಣವಾದ ಕಲೆಗೂ ಚಾಟಿಗೂ ನಡುವೆ ಇದ್ದುದು ಒಬ್ಬ ಪ್ರಭುವಿನ ಹೆಸರು ಮಾತ್ರ!

1594ರಿಂದ ನಾಲ್ಕು ವರ್ಷ ಬೆಳೆ ಕೆಟ್ಟು ಕ್ಷಾಮವುಂಟಾಯಿತು. ಧಾನ್ಯದ ಬೆಲೆ ಇಮ್ಮಡಿಗೂ ಮೀರಿತು. 1597ರ ನ್ಯೂಕ್ಯಾಸಲ್ ನಗರದ ಲೆಕ್ಕಪತ್ರಗಳಲ್ಲಿ, ಹಸಿವಿನಿಂದ ಬೀದಿಯಲ್ಲಿ ಸತ್ತ ಬಡವರನ್ನು ಹೂಳಿಸಿದ ಖರ್ಚು ಬರೆದಿದೆ. 1596ರಲ್ಲಿ ಆಕ್ಸ್‌ಫರ್ಡ್ ಪ್ರಾಂತದಲ್ಲಿ ಕೆಲವರು ಬೇಲಿ ಕೀಳುವ ದಂಗೆಗೆ ಹವಣಿಸಿದರು. ಸೇರಿದವರು ಬೆರಳೆಣಿಕೆಯಷ್ಟಾದರೂ ಸರಕಾರವು ಅಂಜಿತು. 1597ರ ಅಕ್ಟೋಬರಿನಲ್ಲಿ ಕೂಡಿದ ಪಾರ್ಲಿಮೆಂಟು ಬಡವರ ಶಾಸನವನ್ನು ಹೊಸದಾಗಿ ಕಟ್ಟಿತು. 1601ರಲ್ಲಿ ಅದನ್ನೇ ತಿದ್ದಿ ಸ್ಥಿರಪಡಿಸಿದರು. ಕರುಣೆ, ಭಯ, ವಿವೇಕ ಈ ಮೂರೂ ಸೇರಿ ಹೆತ್ತ ಶಾಸನವದು.

ಅದರ ಏರ್ಪಾಡು ಸರಳವಾದುದು. ಪ್ರತಿವರ್ಷ ಈಸ್ಟರ್ ಹಬ್ಬದ ಸಮಯದಲ್ಲಿ, ಪ್ರತಿ ಪ್ಯಾರಿಷ್‌ನಲ್ಲಿಯೂ ಚರ್ಚಿನ ಪಾರುಪತ್ಯಗಾರರ ಜೊತೆಗೆ ಇಬ್ಬರಿಂದ ನಾಲ್ವರವರೆಗೆ ಅನುಕೂಲಸ್ಥ ಗೃಹಸ್ಥರನ್ನು ಬಡವರ ಮೇಲ್ವಿಚಾರಕರನ್ನಾಗಿ ನ್ಯಾಯಾಧಿಕಾರಿಗಳು ನೇಮಿಸುವರು. ಇವರಿಗೆ ಸಂಬಳವಿಲ್ಲ. ಊರಿನ ಗೃಹಸ್ಥರ ಮೇಲೆ ತೆರಿಗೆ ಕಟ್ಟಿ, ಅಶಕ್ತರಿಗೆ ಹಣವನ್ನೂ, ಶಕ್ತರಿಗೆ ಕೆಲಸವನ್ನೂ ಕೊಡುವುದು ಇವರ ಕರ್ತವ್ಯ; ಕೆಲಸಕ್ಕಾಗಿ ಅಗಸೆನಾರು, ಸೆಣಬು, ಉಣ್ಣೆ, ದಾರ, ಕಬ್ಬಿಣ ಇವುಗಳನ್ನು ಕೂಡಿಟ್ಟಿರಬೇಕು. ಬಡಮಕ್ಕಳನ್ನು ಕಸಬು ಕಲಿಯಲು ಬೇರೆ ಮನೆಗಳಲ್ಲಿರಿಸಬೇಕು. ಗಂಡುಮಕ್ಕಳು 24 ವರ್ಷದವರೆಗೆ, ಹೆಣ್ಣುಮಕ್ಕಳು 21 ವರ್ಷ ಅಥವಾ ವಿವಾಹದವರೆಗೆ ಅಲ್ಲಿರಬೇಕು. ತೆರಿಗೆ ಕೊಡದವನ ಸಾಮಾನನ್ನು ಜಪ್ತಿಮಾಡಿ ಮಾರಬಹುದು. ವರ್ಷದ ಕೊನೆಗೆ ಲೆಕ್ಕವನ್ನು ನ್ಯಾಯಾಧಿಕಾರಿಗಳಿಗೆ ಒಪ್ಪಿಸಬೇಕು.

ಇದರ ಫಲವನ್ನು ಅಲ್ಪವೆನ್ನಲಾಗದು. ಶಾಸನವು ಎಲ್ಲೆಡೆಯೂ ಒಮ್ಮೆಗೇ ಜಾರಿಗೆ ಬರಲಿಲ್ಲವೆಂಬುದು ನಿಜ. ಆದರೆ ಹದಿನೇಳನೆಯ ಶತಮಾನ ಮುಂದುವರಿದಂತೆ ಅದು ಬೇರೂರಿತು. 1620ರ ದಶಕದ ಅನಂತರ ಇಂಗ್ಲೆಂಡಿನಲ್ಲಿ ಕ್ಷಾಮದಿಂದ ಗುಂಪುಗುಂಪಾಗಿ ಜನ ಸತ್ತುದು ಕಾಣಬರುವುದಿಲ್ಲ. ನೆರೆಯ ಫ್ರಾನ್ಸಿನಲ್ಲಿಯಾದರೋ 1693-94ರ ಕ್ಷಾಮದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಗತಿಸಿದರು. ವ್ಯವಸಾಯದ ಸುಧಾರಣೆ ಮೊದಲಾದ ಬೇರೆ ಕಾರಣಗಳೂ ಇದ್ದರೂ, ಬಡವರ ತೆರಿಗೆಯೂ ಒಂದು ಮುಖ್ಯ ಕಾರಣವೆಂದು ಅನೇಕ ಚರಿತ್ರಕಾರರ ಮತ. ಪುಣ್ಯವಿಲ್ಲದ ಆ ಒಣ ತೆರಿಗೆಯು ಪುಣ್ಯವಂತರ ಭಿಕ್ಷೆಗೆ ಸಾಧ್ಯವಾಗದುದನ್ನು ಸಾಧಿಸಿತು.

ಹಾಗಾದರೆ ದೋಷವೆಲ್ಲಿ? ನನಗೆ ತೋರುವಂತೆ, ಆ ಶಾಸನವು ಹಣವನ್ನು ಋಣವೆಂಬಂತೆ ವಸೂಲುಮಾಡಿ, ಭಿಕ್ಷೆಯೆಂಬಂತೆ ಹಂಚಿತು. ತೆರುವ ಗೃಹಸ್ಥನಿಗೆ ಆಯ್ಕೆಯಿಲ್ಲ; ಅವನು ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಕೇಳರು; ಕೊಡಬೇಕಾದುದನ್ನು ಕೊಟ್ಟರೆ ಮುಗಿಯಿತು. ಆದರೆ ಪಡೆಯುವ ವಿಧವೆಯು ತಾನು ಯೋಗ್ಯಳೆಂದು ನೆರೆಮನೆಯ ಮೇಲ್ವಿಚಾರಕನಿಗೆ ಪ್ರತಿವರ್ಷವೂ ತೋರಿಸಿಕೊಡಬೇಕು. ಅವಳ ನಡತೆ, ಅವಳ ಮಾತು, ಭಾನುವಾರ ಚರ್ಚಿಗೆ ಹೋದಳೋ ಇಲ್ಲವೋ ಎಂಬುದು, ಎಲ್ಲವೂ ಅವನ ತಕ್ಕಡಿಗೆ ಬರುವುವು. ಈ ಬೀಜವೇ ಮುಂದೆ ಮರವಾಯಿತು. 1662ರ ಶಾಸನವು ಹೊರಗಿನಿಂದ ಬಂದ ಬಡವನನ್ನು, ಮುಂದೆಂದಾದರೂ ಊರಿಗೆ ಭಾರವಾದಾನೆಂಬ ಶಂಕೆಯ ಮೇಲೆಯೇ ಹೊರಕ್ಕೆ ಕಳುಹಿಸಲು ಅಧಿಕಾರ ಕೊಟ್ಟಿತು. 1697ರ ಶಾಸನವು ನೆರವು ಪಡೆಯುವವರು ಬಲದೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯ ಅಕ್ಷರದ ಗುರುತನ್ನು ತೊಡಬೇಕೆಂದಿತು. 1834ರ ಮಾರ್ಪಾಡು, ದುಡಿಯಬಲ್ಲವರು ನೆರವು ಬೇಕಾದರೆ ಜೈಲಿನಂಥ ಶ್ರಮಾಲಯವನ್ನು ಹೊಗಬೇಕೆಂದಿತು. ಈ ಪರಂಪರೆಯನ್ನು ಪೂರ್ತಿಯಾಗಿ ರದ್ದುಮಾಡಿದ್ದು 1948ರಲ್ಲಿ.

ಬೊಕ್ಕಸ ಚಿಕ್ಕದಾಗಿರುವಾಗ ಪಾತ್ರಾಪಾತ್ರ ವಿವೇಚನೆ ಮಾಡದೆ ಹಂಚುವುದು ಹೇಗೆ ಎಂದು ವ್ಯವಹಾರಜ್ಞರು ಕೇಳುವರು. ಪ್ರಶ್ನೆ ನ್ಯಾಯವಾದುದು. ಅಗತ್ಯವನ್ನು ವಿಚಾರಿಸುವುದು ಅನಿವಾರ್ಯ. ಹಸಿದವನು ಯಾರು, ಉಂಡವನು ಯಾರು ಎಂದು ತಿಳಿಯದೆ ಬಡಿಸಲಾಗದು. ಆದರೆ ಅಗತ್ಯವನ್ನು ವಿಚಾರಿಸುವುದು ಒಂದು, ಯೋಗ್ಯತೆಯನ್ನು ವಿಚಾರಿಸುವುದು ಇನ್ನೊಂದು. ನಾರ್ವಿಚ್ಚಿನವರು ಮನೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಸಂಪಾದನೆ ಎಂದು ಕೇಳಿದಾಗ ಮೊದಲನೆಯದನ್ನು ಮಾಡಿದರು. ಆ ಗಣತಿಯ ಆಧಾರದ ಮೇಲೆಯೇ ಭಿಕ್ಷೆಯನ್ನು ನಿಷೇಧಿಸಿ, ಪರಸ್ಥಳದ ಬಡವರನ್ನು ಹೊರದೂಡಿದಾಗ ಎರಡನೆಯದಕ್ಕೆ ಜಾರಿದರು. ಮೊದಲನೆಯದು ಲೆಕ್ಕಿಗನ ಕೆಲಸ, ಎರಡನೆಯದು ದೇವರ ಕೆಲಸ. ಊರ ಗೃಹಸ್ಥನೊಬ್ಬನು ಲೆಕ್ಕಿಗನ ಪೀಠದಲ್ಲಿ ಕುಳಿತು ದೇವರ ತೀರ್ಪು ಕೊಡತೊಡಗಿದುದೇ ಅಲ್ಲಿ ನಡೆದ ಅನ್ಯಾಯ.

ಋಣವೆಂಬ ಮಾತು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಗೃಹಸ್ಥನು ಬಡವನಿಂದ ಏನನ್ನು ಸಾಲ ಪಡೆದಿದ್ದನು? ಇದಕ್ಕೆ ಉತ್ತರವು ಆ ಕಾಲದ ಮತ್ತೊಂದು ಶಾಸನದಲ್ಲಿಯೇ ಇದೆ. 1563ರಲ್ಲಿ, ಎಂದರೆ ಕಾಣಿಕೆ ಕೊಡದವನಿಗೆ ಸೆರೆಮನೆಯನ್ನು ಗೊತ್ತುಮಾಡಿದ ಅದೇ ವರ್ಷದಲ್ಲಿ, ಪಾರ್ಲಿಮೆಂಟು ಕೂಲಿಕಾರರನ್ನು ಕುರಿತು ಒಂದು ಶಾಸನವನ್ನು ಮಾಡಿತು. ಅದರಂತೆ ನ್ಯಾಯಾಧಿಕಾರಿಗಳು ವರ್ಷವರ್ಷವೂ ಕೂಲಿಯ ಮೇಲ್ಮಿತಿಯನ್ನು ಗೊತ್ತುಪಡಿಸುವರು. ಬೇಸಗೆಯಲ್ಲಿ ಕೂಲಿಕಾರನು ಬೆಳಗಿನ ಐದು ಗಂಟೆಯಿಂದ ಸಂಜೆ ಏಳು ಎಂಟರವರೆಗೆ ದುಡಿಯಬೇಕು. ಮಿತಿಗಿಂತ ಹೆಚ್ಚು ಕೂಲಿ ಕೊಟ್ಟ ಯಜಮಾನನಿಗೆ ಹತ್ತು ದಿನ ಸೆರೆ. ಪಡೆದ ಆಳಿಗೆ ಇಪ್ಪತ್ತೊಂದು ದಿನ. ಹೀಗೆ ಕೂಲಿಯನ್ನು ಏರಗೊಡದೆ ಕಟ್ಟಿಹಾಕಿದ ಕೈಯೇ, ಕೂಲಿ ಸಾಲದೆ ಕೆಟ್ಟವನಿಗೆ ನಾಲ್ಕು ಕಾಸನ್ನು ಕೊಟ್ಟು ಅದನ್ನು ದಯೆಯೆಂದು ಕರೆಯಿತು. ಆ ಹೊಗೆಗೂಡನ್ನು ಕಟ್ಟಿದವನ, ಆ ಮೆತ್ತೆಯ ಉಣ್ಣೆಯನ್ನು ನೂತವಳ ದುಡಿಮೆಯಲ್ಲಿ ಕೊಡದೆ ಉಳಿಸಿಕೊಂಡ ಭಾಗವೇ ಬಡವರ ತೆರಿಗೆಯಾಗಿ ಹಿಂದಿರುಗಿತೆಂದರೆ ಅದನ್ನು ಋಣವೆನ್ನದೆ ಏನೆನ್ನಬೇಕು? ಸಾಲಗಾರನು ಸಾಲವನ್ನು ತೀರಿಸುವಾಗ ಕೊಟ್ಟವನ ಗುಣಶೀಲಗಳನ್ನು ಪರೀಕ್ಷಿಸುವುದಿಲ್ಲ. ಅವನ ತೋಳಿಗೆ ಗುರುತಿನ ಬಟ್ಟೆಯನ್ನೂ ಹೊಲಿಯುವುದಿಲ್ಲ.

ಇಷ್ಟರಿಂದ ದಾನಕ್ಕೆ ಎಡೆಯೇ ಇಲ್ಲವೆಂದು ತಿಳಿಯಬಾರದು. ಋಣ ತೀರಿದ ಮೇಲೆಯೇ ದಾನದ ಆರಂಭ. ರೋಗಿಯ ಬಳಿ ರಾತ್ರಿ ಕುಳಿತಿರುವುದು, ಅನಾಥನಿಗೆ ವಿದ್ಯೆ ಹೇಳುವುದು, ಅವಮಾನಿತನನ್ನು ಮನೆಗೆ ಕರೆದು ಪಂಕ್ತಿಯಲ್ಲಿ ಕುಳ್ಳಿರಿಸುವುದು, ಇವನ್ನು ಯಾವ ಶಾಸನವೂ ಮಾಡಿಸಲಾರದು. ಇಲ್ಲಿ ಮನಸ್ಸು ಅರಳಲು ಬೇಕಾದಷ್ಟು ಅವಕಾಶವುಂಟು. ಆದರೆ ಸಲ್ಲಬೇಕಾದುದನ್ನು ಸಲ್ಲಿಸದೆ, ಅದರ ಒಂದಂಶವನ್ನು ದಾನವೆಂದು ಕೊಟ್ಟು, ಪಡೆದವನಿಂದ ಕೃತಜ್ಞತೆಯನ್ನು ನಿರೀಕ್ಷಿಸುವುದು ಎರಡು ಬಾರಿ ವಂಚಿಸಿದಂತೆ.

ಎಲಿಜಬೆತ್ತಳ ಕಾಲದವರು ಕಠಿಣರಾಗಿದ್ದರೂ ಒಂದು ದೊಡ್ಡ ಸತ್ಯವನ್ನು ಕಂಡುಕೊಂಡರು: ಹಸಿದವನ ಅನ್ನವು ಉಂಡವನ ಮನೋಧರ್ಮವನ್ನು ಅವಲಂಬಿಸಿರಬಾರದು. ಅದರ ಮುಂದಿನ ಅರ್ಧಸತ್ಯವನ್ನು, ಎಂದರೆ ಆ ಅನ್ನವನ್ನು ಪಡೆಯುವವನು ತಲೆಯೆತ್ತಿ ಪಡೆಯಬೇಕೆಂಬುದನ್ನು, ಕಾಣಲು ಅವರ ದೇಶಕ್ಕೆ ಇನ್ನೂ ಮುನ್ನೂರ ಐವತ್ತು ವರ್ಷಗಳು ಹಿಡಿದುವು. ಯಾವ ಕಾಲದಲ್ಲಿಯೇ ಆಗಲಿ, ಯಾವ ರಾಜ್ಯದಲ್ಲಿಯೇ ಆಗಲಿ, ಬಡವರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಾಗಿಲು ತಟ್ಟುವವನು ತಾನು ದಾತನಾಗಿ ಬಂದೆನೋ, ಸಾಲ ತೀರಿಸಲು ಬಂದೆನೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಬಾಗಿಲು ತೆರೆದವರೊಡನೆ ಅವನು ಆಡುವ ಮೊದಲ ಮಾತಿನಲ್ಲಿಯೇ ಅವನ ಉತ್ತರವು ಗೊತ್ತಾಗುವುದು.